ಬೀಜಾಡಿಯ ಚಿತ್ರ, ಬೆಂಗಳೂರಿನ ಅಡಿಬರಹ

ರಾಣೆಬೆನ್ನೂರಿನಿಂದ ಬೆಳಗಿನ ಬಸ್ಸಿಗೆ ಹೊರಟು ಶಿವಮೊಗ್ಗದಲ್ಲಿ ಇಳಿದೆ. ಅಲ್ಲಿಯವರೆಗೆ ಸರ್ಕಾರಿ ಬಸ್ಸು, ಹೆಂಗಸರಿಗೆ ಟಿಕೆಟ್ ಇಲ್ಲ. ಮುಂದೆ ಹೊಸನಗರದ ಮೇಲೆ ಕುಂದಾಪುರಕ್ಕೆ ಹೋಗುವ ಖಾಸಗಿ ಬಸ್ಸು ಹತ್ತಿ ಇನ್ನೂರರ ನೋಟು ಕೊಟ್ಟಾಗ ಕಂಡಕ್ಟರು ಒಂದಿಷ್ಟು ಚಿಲ್ಲರೆ ಹಿಂದೆ ಕೊಟ್ಟ. ಹುಲಿಕಲ್ ಘಾಟಿಯ ತಿರುವುಗಳಲ್ಲಿ ಕ್ಯಾಮೆರಾ ಚೀಲವನ್ನು ತೊಡೆಯ ಮೇಲೆ ಅವುಚಿಕೊಂಡು ಕೂತಿದ್ದೆ. ಸಿದ್ದಾಪುರದಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಕರಾವಳಿಯ ಸೆಕೆ ಒಳಗೆ ಬಂತು. ಶಿವರಾತ್ರಿಗೆ ಇನ್ನೂ ವಾರವಿತ್ತು, ಆಗಲೇ ರವಿಕೆ ಬೆನ್ನಿಗೆ ಅಂಟತೊಡಗಿತ್ತು.

ನಮ್ಮೂರಿನಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೊ ಇದೆ. ಮದುವೆ, ಸೀಮಂತ, ಪಾಸ್‌ಪೋರ್ಟ್ ಅಳತೆಯ ಮುಖಗಳು, ಇಷ್ಟೇ ನನ್ನ ಕಸುಬು. ಸಮುದ್ರದ ಚಿತ್ರ ತೆಗೆಯುವುದನ್ನು ಕಲಿಯಬೇಕೆಂಬ ಆಸೆ ಬಹಳ ದಿನದ್ದು. ಬೆಂಗಳೂರಿನ ಒಂದು ತಂಡ ಕುಂದಾಪುರ, ಬೈಂದೂರು, ಬ್ರಹ್ಮಾವರದ ಸುತ್ತ ಮೂರು ದಿನದ ಫೋಟೊ ಪ್ರವಾಸ ಮಾಡಿಸುತ್ತದೆಂದು ತಿಳಿದು ಹಣ ಕಟ್ಟಿದ್ದೆ. ತಂಡದ ಮುಖ್ಯಸ್ಥ ವಿನಯ್, ಬಹುಮಾನ ಪಡೆದ ಛಾಯಾಗ್ರಾಹಕ. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ವ್ಯಾನು ಕಾಯುತ್ತಿತ್ತು. ಊಟಕ್ಕೆ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ. ಅದಾದ ಮೇಲೆ ತೆಕ್ಕಟ್ಟೆ ದಾಟಿ ಬ್ರಹ್ಮಾವರದ ಕಡೆ ಸೀತಾನದಿಯ ದಂಡೆಗೆ ಹೋದೆವು.

ನದಿಯಲ್ಲಿ ಒಬ್ಬ ಮುದುಕರು ಸಣ್ಣ ದೋಣಿಯಲ್ಲಿ ಬೀಸುಬಲೆ ಹಿಡಿದು ನಿಂತಿದ್ದರು. ಅವರನ್ನು ಮೊದಲೇ ಗೊತ್ತು ಮಾಡಿ ಕರೆಸಲಾಗಿತ್ತು. ವಿನಯ್ ಅವರ ಅಂಗಿ ಬಿಚ್ಚಿಸಿ ತಾನು ತಂದಿದ್ದ ಹಳೆಯ ಮುಂಡಾಸು ಕಟ್ಟಿಸಿದ. ಹಿಂದೆ ಹೊಗೆ ಹಾಕಿಸಿದ. ಸೂರ್ಯ ಹೊಗೆಯೊಳಗೆ ಇಳಿಯುವಾಗ ಬಲೆ ಬೀಸಬೇಕು.

"ಇಲ್ಲಿ ಮೀನಿಲ್ಲೆ ಮಾರಾಯ್ರೆ. ಆ ಬದಿಗ್ ಹೋಪ," ಎಂದರು ಮುದುಕರು.

"ಮೀನು ಬೇಡ, ಬಲೆ ಸಾಕು," ಎಂದ ವಿನಯ್.

ಅವರು ಬೀಸಿದರು, ಎಳೆದರು, ಮತ್ತೆ ಬೀಸಿದರು. ಕೈ ಸೋತು ಬಲೆ ಮುದುಡಿ ಬಿದ್ದಾಗ ನಮ್ಮವರಲ್ಲಿ ಒಬ್ಬ "ಛೆ" ಎಂದ. ನಾನೂ ಒಂದೆರಡು ಚಿತ್ರ ತೆಗೆದೆ. ಆಮೇಲೆ ಕ್ಯಾಮೆರಾ ಚೀಲಕ್ಕೆ ಹಾಕಿದೆ.

ಆ ರಾತ್ರಿ ಕೋಟೇಶ್ವರದ ಲಾಡ್ಜಿನಲ್ಲಿ ವಿನಯ್ ತನ್ನ ಹೆಸರಾಂತ ಚಿತ್ರವನ್ನು ಗೋಡೆಯ ಮೇಲೆ ದೊಡ್ಡದು ಮಾಡಿ ತೋರಿಸಿದ. ಬೀಜಾಡಿಯ ಕಡಲ ದಂಡೆ. ಬೂದು ಬಣ್ಣದ ಸಂಜೆ. ವಯಸ್ಸಾದ ಹೆಂಗಸೊಬ್ಬರು ಸೊಂಟದ ಮೇಲೆ ಕೈಯಿಟ್ಟು ಕಡಲು ನೋಡುತ್ತ ನಿಂತಿದ್ದಾರೆ. ಮುಖದ ಅರ್ಧಕ್ಕೆ ಮಾತ್ರ ಬೆಳಕು. ಕೆಳಗೆ ಬರೆದಿತ್ತು: 'ಕಾಯುವಿಕೆ. ಸಮುದ್ರಕ್ಕೆ ಹೋದ ಮಗ ಮರಳಲಿಲ್ಲ. ತಾಯಿ ಇಂದಿಗೂ ಕಾಯುತ್ತಿದ್ದಾಳೆ.' ನಮ್ಮಲ್ಲಿ ಕೆಲವರ ಕಣ್ಣು ತುಂಬಿತು. ನನ್ನದೂ ತುಂಬಿತು, ಸುಳ್ಳೇಕೆ ಹೇಳಲಿ.

ಮಾರನೆಯ ಬೆಳಿಗ್ಗೆ ಬೀಜಾಡಿಗೆ ಹೋಗುವಾಗ ಆ ತಾಯಿಯನ್ನು ಮಾತನಾಡಿಸಬಹುದೇ ಎಂದು ಕೇಳಿದೆ.

"ಆದಷ್ಟು ಬೇಡ. ಮಾತಿಗಿಳಿದರೆ ಮುಖದ ಭಾವ ಹೋಗಿಬಿಡುತ್ತದೆ," ಎಂದ ವಿನಯ್.

ಆ ತಾಯಿ ತಮ್ಮ ಅಂಗಳದಲ್ಲಿ ಒಣಮೀನು ಹರವುತ್ತಿದ್ದರು. ಹೆಸರು ಮೂಕಾಂಬು. ವಿನಯನನ್ನು ನೋಡಿದ ಕೂಡಲೇ ಸೆರಗಿಗೆ ಕೈ ಒರೆಸಿಕೊಂಡು ನೆಟ್ಟಗೆ ನಿಂತರು.

"ನೀವ್ ಬಂದ್ರ್ಯಾ? ನಿಮ್ಮನ್ನೇ ಕಾಯ್ತಾ ಇದ್ದೆ. ನನ್ನ ಮಗ ಸತ್ತ ಅಂದ್ ಬರ್ದಿರಂಬ್ರ್? ಯಾರ್ ಹೇಳಿದ್ದ್ ನಿಮ್ಗೆ?"

ದನಿ ಏರಿರಲಿಲ್ಲ. ವಿನಯ್ ನಕ್ಕ. "ಅಮ್ಮಾ, ಅದು ಹಾಗಲ್ಲ, ಆಮೇಲೆ ಹೇಳ್ತೀನಿ, ಬಿಸಿಲು ಏರ್ತಾ ಇದೆ," ಎಂದು ತಂಡವನ್ನು ಕರೆದುಕೊಂಡು ದಂಡೆಯ ಕಡೆ ನಡೆದುಬಿಟ್ಟ. ನಾನು ಅಂಗಳದಲ್ಲೇ ಉಳಿದೆ.

"ಕೂಕಣಿ," ಎಂದು ಮೂಕಾಂಬು ಜಗಲಿ ತೋರಿಸಿದರು. ಒಳಗಿನಿಂದ ಚಹಾ ಹಿಡಿದುಕೊಂಡು ಬಂದವನು ಮೂವತ್ತರ ಆಸುಪಾಸಿನ ಗಟ್ಟಿ ಆಳು. ಅಂಗೈಗೆ ಗ್ರೀಸು ಮೆತ್ತಿತ್ತು.

"ಇವ್ನೇ ಕಾಣಿ. ಚಂದ್ರ. ಒಬ್ಬನೇ ಮಗ. ಗಂಗೊಳ್ಳಿ ಬೋಟಿಗ್ ಹೋತ."

ಸತ್ತವನ ಕೈಯಿಂದ ಚಹಾ ಇಸಿದುಕೊಂಡೆ. ಹಿಂದಿನ ರಾತ್ರಿ ಅವನಿಗಾಗಿಯೇ ನನ್ನ ಕಣ್ಣು ತುಂಬಿತ್ತು. ಈಗ ಆ ನೀರೆಲ್ಲ ಸಿಟ್ಟಾಗಿ ಮೇಲೆ ಬಂತು.

ಮೂಕಾಂಬು ನನ್ನನ್ನು ಮನೆಯ ಹಿಂದಕ್ಕೆ ಕರೆದೊಯ್ದರು. ನೆಲ ಅಲ್ಲೇ ಕೊಯ್ದಂತೆ ಮುಗಿದಿತ್ತು. ಕೆಳಗೆ ಮರಳಿನಲ್ಲಿ ಬೇರು ಮೇಲಾಗಿ ಬಿದ್ದ ತೆಂಗಿನ ಮರಗಳು. ಮಳೆಗಾಲದ ಕಡಲು ಅವರ ಮೀನು ಒಣಗಿಸುವ ಜಾಗವನ್ನು ತಿಂದು ಬಾವಿಯ ಹತ್ತಿರಕ್ಕೆ ಬಂದಿತ್ತು. ಪಕ್ಕದ ಕೇರಿಯವರೆಗೆ ತಡೆಗೋಡೆಗೆ ಕಲ್ಲು ಹಾಕಿ ಇಲ್ಲಿಗೆ ನಿಲ್ಲಿಸಿದ್ದರು. ಕಲ್ಲಿಗೆ ಬಡಿದ ತೆರೆ ಪಕ್ಕಕ್ಕೆ ತಿರುಗಿ ಇವರ ಹಿತ್ತಿಲನ್ನೇ ಹೊಡೆಯುತ್ತಿತ್ತು.

"ಬಾವಿ ನೀರ್ ಉಪ್ಪಾಯ್ತ್. ಅವತ್ತ್ ಅವ್ರ್ ಬಂದಾಗ ನಾನ್ ಇಲ್ಲೇ ನಿಂತ್ಕಂಡ್ ಎಷ್ಟ್ ಹೋಯ್ತ್ ಅಂದ್ ಕಾಂತಾ ಇದ್ದೆ. ಎಲ್ಲಾ ಹೇಳ್ದೆ. 'ಪೇಪರಂಗೆ ಹಾಕ್ತೆ ಅಮ್ಮ, ಕಲ್ಲ್ ಬತ್ತ್' ಅಂದ್ರ್. ಅದಕ್ಕೇ ನಾನ್ ಫೋಟೊ ತೆಗೂಕೆ ನಿಂತದ್ದ್."

ಅಂದರೆ ಆ ಚಿತ್ರದಲ್ಲಿದ್ದದ್ದು ಶೋಕವಲ್ಲ, ಕೋಪ. ಮನೆ ಕಳೆದುಕೊಳ್ಳುತ್ತಿರುವವರ ಲೆಕ್ಕಾಚಾರದ ನೋಟ. ಅವರು ಕೊಟ್ಟ ಅಹವಾಲನ್ನು ವಿನಯ್ ಬಿಸಾಡಿ, ಅದರ ಜಾಗದಲ್ಲಿ ಒಂದು ಹೆಣ ಮಲಗಿಸಿದ್ದ. ತಡೆಗೋಡೆಗೆ ಯಾರೂ ಬಹುಮಾನ ಕೊಡುವುದಿಲ್ಲವಲ್ಲ.

ನಾವು ಮಧ್ಯಾಹ್ನ ಬೈಂದೂರಿಗೆ ಹೋಗುತ್ತೇವೆಂದು ತಿಳಿದು ಮೂಕಾಂಬು ಒಂದು ಚೀಲ ಕೈಗಿತ್ತರು. ಮೊಮ್ಮಗಳಿಗೆ ಹಳೆಯ ಸೀರೆಯಲ್ಲಿ ಹೊಲಿದ ಕೌದಿ, ಸೊಸೆಗೆ ಬಾಣಂತಿ ಮದ್ದಿನ ಡಬ್ಬಿ. ಸೊಸೆ ಸುಜಾತ ಬೈಂದೂರಿನ ಹತ್ತಿರ ಉಪ್ಪುಂದದಲ್ಲಿ ತಾಯಿಯ ಮನೆಯಲ್ಲಿದ್ದಳು. "ನೀವೇ ಕೊಟ್ಟ್ ಬನ್ನಿ. ಅವ್ಳ್ ಹತ್ರ ಕೇಣಿ, ಆ ಫೋಟೊ ಎಂತ ಮಾಡ್ತ್ ಅಂದ್."

ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ನದಿ, ಇನ್ನೊಂದು ಬದಿಗೆ ಕಡಲು. ಎಲ್ಲರೂ ಇಳಿದು ಚಿತ್ರ ತೆಗೆದರು. ನಾನು ವ್ಯಾನಿನಲ್ಲೇ ಕೂತೆ. ಬೈಂದೂರಿನ ಒತ್ತಿನೆಣೆಯ ಗುಡ್ಡಕ್ಕೆ ಅವರು ಹೋದಾಗ ನಾನು ರಿಕ್ಷಾ ಹಿಡಿದು ಉಪ್ಪುಂದಕ್ಕೆ ಬಂದೆ.

ಸುಜಾತ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮೆಲ್ಲಗೆ ಹೇಳಿದಳು. ಆಗ ಅವಳು ಬಸುರಿ, ಇದೇ ತಾಯಿಯ ಮನೆಯಲ್ಲಿದ್ದಳು. ಮುಂಬಯಿಯ ಹೋಟೆಲಿನಲ್ಲಿರುವ ಸಂಬಂಧಿಕರೊಬ್ಬರು ಅಳುತ್ತ ಫೋನು ಮಾಡಿ, ಹಿಂದೆಯೇ ಆ ಚಿತ್ರ ಕಳಿಸಿದ್ದರು.

"ಅತ್ತೆ ಮುಖ ಕಂಡೆ. ಕೆಳಗೆ ಬರ್ದದ್ ಓದ್ದೆ. ಅವತ್ತೇ ಇವ್ರ ಬೋಟ್ ಬರೂಕೆ ತಡ ಆಯಿತ್ತ್, ಇಂಜಿನ್ ಹಾಳಾಯ್ತಂಬ್ರ್. ಫೋನ್ ಹತ್ತೂದಿಲ್ಲೆ. ನಾನ್ ಎಂತ ತಿಳ್ಕಂಬುದ್?"

ಮನೆ ತುಂಬ ಜನ ಸೇರಿದರು. "ಅಮ್ಮ ನನ್ನ ಬಳೆ ಕಾಂತಾ ಕೂತಿದ್ರ್," ಎಂದಳು ಸುಜಾತ. ಮರುದಿನ ಮಧ್ಯಾಹ್ನ ಚಂದ್ರ ಅದೇ ಅಂಗಳಕ್ಕೆ ಬಂದು, ಜನರನ್ನು ನೋಡಿ ಗಾಬರಿಯಾಗಿ, ಯಾರಿಗೆ ಏನಾಯಿತೆಂದು ಕೇಳಿದನಂತೆ. ಅವಳು ಅವನ ಮುಖ ನೋಡಿದರೂ ಬಹಳ ಹೊತ್ತು ನಂಬಲಿಲ್ಲ. ಈಗಲೂ ಅವನು ಕಡಲಿಗೆ ಹೋದ ದಿನ ಅವಳು ಅನ್ನ ಮುಟ್ಟುವುದಿಲ್ಲ.

ಆ ಸಂಜೆ ವ್ಯಾನಿನಲ್ಲಿ ಎಲ್ಲರ ಎದುರೇ ವಿನಯನನ್ನು ಕೇಳಿದೆ. ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ, ಬೇಸರವಿತ್ತು.

"ಅದು ಒಬ್ಬ ಹೆಂಗಸಿನ ಚಿತ್ರ ಅಲ್ಲ ಮೇಡಂ. ಇಡೀ ಕರಾವಳಿಯ ತಾಯಂದಿರ ಚಿತ್ರ. ಕಲೆಯಲ್ಲಿ ಇದೆಲ್ಲ ಸಾಂಕೇತಿಕ."

"ಹಾಗಿದ್ದರೆ ಅವರ ಮುಖ ಯಾಕೆ ಬೇಕಿತ್ತು ನಿಮಗೆ?"

"ನೀವು ಪಾಸ್‌ಪೋರ್ಟ್ ಫೋಟೊ ತೆಗೆಯುವವರು. ನಿಮಗೆ ಇದು ಅರ್ಥವಾಗುವುದು ಕಷ್ಟ."

ಹೌದು, ನಾನು ಪಾಸ್‌ಪೋರ್ಟ್ ಫೋಟೊ ತೆಗೆಯುವವಳೇ. ನನ್ನ ಅಂಗಡಿಯಲ್ಲಿ ಒಬ್ಬರ ಮುಖಕ್ಕೆ ಇನ್ನೊಬ್ಬರ ಹೆಸರು ಬರೆದರೆ ಅದನ್ನು ಮೋಸ ಎನ್ನುತ್ತಾರೆ. ಒಬ್ಬಾಕೆ ಕಿವಿಗೆ ಹಾಡು ಸಿಕ್ಕಿಸಿಕೊಂಡಳು.

ಮೂರನೆಯ ದಿನ, ಭಾನುವಾರ ಸಂಜೆ ಕುಂದಾಪುರದ ಒಂದು ಸಭಾಭವನದಲ್ಲಿ ತಂಡದ ಚಿತ್ರಪ್ರದರ್ಶನವಿತ್ತು. ಬೆಳಿಗ್ಗೆ ನಾನು ಚಂದ್ರನಿಗೆ ಫೋನು ಮಾಡಿ ಜಾಗ ಹೇಳಿದೆ, ಅಷ್ಟೇ. ಬನ್ನಿ ಎಂದೂ ಅನ್ನಲಿಲ್ಲ.

ದೀಪ ಬೆಳಗಿ ಭಾಷಣ ಮುಗಿಯುವ ಹೊತ್ತಿಗೆ ತಾಯಿ ಮಗ ಒಳಗೆ ಬಂದರು. ಮೂಕಾಂಬು ಜರಿಯಂಚಿನ ಸೀರೆ ಉಟ್ಟು ಅಬ್ಬಲಿಗೆ ಮುಡಿದಿದ್ದರು. ಚಂದ್ರ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ನಡುಗೋಡೆಯಲ್ಲಿ, ಬೇರೆಯೇ ದೀಪದ ಕೆಳಗೆ, ಅವರ ಚಿತ್ರ ತೂಗುತ್ತಿತ್ತು. ತಂಡದ ಹಿರಿಯ ಹೆಂಗಸೊಬ್ಬರು ಮುಖ ಗುರುತಿಸಿ ಓಡಿಬಂದು ಕೈ ಹಿಡಿದರು.

"ಅಮ್ಮಾ, ನಿಮ್ಮ ನೋವು ನಮಗೆ ಅರ್ಥವಾಗುತ್ತದೆ."

"ಎಂತ ನೋವ್? ಮೊಣಕಾಲಿಂದಾ?" ಎಂದು ಕೇಳಿದರು ಮೂಕಾಂಬು. ಆಮೇಲೆ ಮಗನನ್ನು ಚಿತ್ರದ ಪಕ್ಕಕ್ಕೆ ಎಳೆದು ನಿಲ್ಲಿಸಿದರು. "ಹ್ವಾಯ್, ಎಲ್ಲರೂ ಇಲ್ಲಿ ಕಾಣಿ. ಕೆಳಗೆ ಬರ್ದಿರಲ್ದಾ, ಸತ್ತ ಮಗ ಅಂದ್? ಇವ್ನೇ ಅವ."

ಚಂದ್ರ ತಲೆ ತಗ್ಗಿಸಿ ನಿಂತಿದ್ದ. ಬದುಕಿರುವುದಕ್ಕೆ ಅವನೇ ನಾಚಿಕೊಳ್ಳಬೇಕಾಗಿ ಬಂದಿತ್ತು.

ವಿನಯ್ ಮುಂದೆ ಬಂದು ಸಾಂಕೇತಿಕ ಎಂಬ ಅದೇ ಮಾತು ತೆಗೆದ. ಮೂಕಾಂಬು ಪೂರ್ತಿ ಕೇಳಿಸಿಕೊಂಡರು.

"ಹಾಂಗಾರೆ ನಿಮ್ಮ ಅಮ್ಮನ ಫೋಟೊ ಹಾಕಿ. ಕೆಳಗೆ ನೀವ್ ಸತ್ತದ್ದ್ ಅಂದ್ ಬರೀನಿ. ನಾನೂ ಬಂದ್ ಕಣ್ಣೀರ್ ಹಾಕಿ ಮರ್ಕುತೆ."

ಯಾರೋ ಹಿಂದಿನಿಂದ ನಕ್ಕು ಸುಮ್ಮನಾದರು. ವಿನಯನ ಕಿವಿ ಕೆಂಪಾಯಿತು. ಅವನು ಅಡಿಬರಹದ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡ. "ಸರಿಯಾಯಿತಲ್ಲ ಈಗ?" ಎಂದ.

"ನಾನ್ ಹೇಳಿದ್ದ್ ಎಲ್ಲಿತ್ತ್? ಕಲ್ಲ್ ಇಲ್ಲೆ, ಬಾವಿ ಉಪ್ಪಾಯ್ತ್ ಅಂದ್ ಹೇಳಿದ್ದೆ. ಅದನ್ ಬರೀನಿ."

ಯಾರ ಹತ್ತಿರವೂ ಪೆನ್ನು ಇರಲಿಲ್ಲವೆಂದಲ್ಲ. ಯಾರೂ ತೆಗೆಯಲಿಲ್ಲ. ಮೂಕಾಂಬು ಮಗನ ಕಡೆ ತಿರುಗಿದರು. "ತೆಗಿ ಮಗಾ." ಚಂದ್ರ ಚೌಕಟ್ಟನ್ನು ಮೊಳೆಯಿಂದ ಎತ್ತಿದ. "ಅದು ನಮ್ಮ ಸ್ವತ್ತು, ಮುಟ್ಟಬೇಡಿ," ಎಂದು ವಿನಯ್ ಬಾಗಿಲಿಗೆ ಅಡ್ಡ ನಿಂತ. ಆಗ ಕೊನೆಯ ಸಾಲಿನಲ್ಲಿ ಕೂತಿದ್ದ ಊರಿನ ಗೃಹಸ್ಥರೊಬ್ಬರು ಎದ್ದು, "ಮುಖ ಅವ್ರದ್ದ್ ಮಾರಾಯ್ರೆ, ಅವ್ರ್ ತಕಂಡ್ ಹೋತ್ರ್. ಬಾಗ್ಲ್ ಬಿಡಿ," ಎಂದರು. ಇನ್ನೂ ನಾಲ್ಕಾರು ಜನ ಎದ್ದರು. ವಿನಯ್ ಪಕ್ಕಕ್ಕೆ ಸರಿದ.

ನಾನೂ ಅವರ ಜೊತೆ ಹೊರಗೆ ಬಂದೆ. ತಂಡದ ಕಡೆ ಮತ್ತೆ ಹೋಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ಚೌಕಟ್ಟು ನೋಡಿ ಇದಕ್ಕೆ ಲಗೇಜ್ ಆಗುತ್ತದೆಂದ. "ಹಾಕಿ. ಇದ್ರ ಒಳ್ಗೆ ನನ್ ಮಗನ ಹೆಣ ಇತ್ತ್, ಭಾರ ಉಂಟ್," ಎಂದರು ಮೂಕಾಂಬು. ಕಂಡಕ್ಟರಿಗೆ ಅರ್ಥವಾಗಲಿಲ್ಲ. ನಾವು ಮೂವರೂ ನಕ್ಕೆವು, ಅವರು ಕಣ್ಣೊರೆಸಿಕೊಂಡರು.

ಮಾರನೆಯ ಬೆಳಿಗ್ಗೆ ಬೀಜಾಡಿಗೆ ಹೋಗಿ, ಆ ಹಿತ್ತಿಲಿನ ಅಂಚಿನಲ್ಲಿ ತಾಯಿ ಮಗನ ಚಿತ್ರ ತೆಗೆದೆ. ಏರಿದ ಬಿಸಿಲು, ಕಣ್ಣು ಕಿರಿದಾಗಿದ್ದವು, ಬೆಳಕು ಚೆನ್ನಾಗಿರಲಿಲ್ಲ. ಬಿದ್ದ ತೆಂಗು, ನಿಂತುಹೋದ ಕಲ್ಲು, ಬಾವಿ ಎಲ್ಲ ಅದರೊಳಗಿದ್ದವು. ಕೆಳಗೆ ಅವರು ಹೇಳಿದ್ದನ್ನೇ ಬರೆದು ಅಲ್ಲಿಯ ಪತ್ರಿಕೆಯೊಂದಕ್ಕೆ ಕೊಟ್ಟೆ. ಒಳಪುಟದಲ್ಲಿ ಅಂಗೈಯಗಲ ಹಾಕಿದರು. ಚಿತ್ರ ಕೊಟ್ಟ ದಿನವೇ ನಾನು ಶಿವಮೊಗ್ಗದ ಬಸ್ಸು ಹತ್ತಿದ್ದೆ. ಘಾಟಿ ಹತ್ತುವಾಗ ತಂಪು ಗಾಳಿ ಬಂತು, ತಲೆ ಮಾತ್ರ ತಣ್ಣಗಾಗಲಿಲ್ಲ.

ಊರಿಗೆ ಬಂದು ತಿಂಗಳಾದ ಮೇಲೆ ಸ್ಟುಡಿಯೊಗೆ ಬಂದ ಗಿರಾಕಿಯೊಬ್ಬರು ಫೋನು ಮುಂದೆ ಹಿಡಿದು, "ನೋಡ್ರಿ ಅಕ್ಕಾರ, ಎಂಥಾ ಫೋಟೊ," ಎಂದರು. ಅದೇ ಚಿತ್ರ, ಅದೇ ಅಡಿಬರಹ. ಕೆಳಗೆ ಸಾಲುಸಾಲಾಗಿ ಕೈ ಮುಗಿದ ಗುರುತುಗಳು. ಅವರ ಎದುರೇ ಬೀಜಾಡಿಗೆ ಫೋನು ಹಚ್ಚಿ, ಚಂದ್ರನ ದನಿಯನ್ನು ಅವರ ಕಿವಿಗೆ ಕೇಳಿಸಿದೆ. ಆಮೇಲೆ ಮೂಕಾಂಬು ಮಾತಾಡಿದರು. ಗೋಡೆಯಿಂದ ತಂದ ಚಿತ್ರವನ್ನು ಮಗನ ತಲೆಗೆ ನಿವಾಳಿಸಿ ದೃಷ್ಟಿ ತೆಗೆದು ಬಚ್ಚಲ ಒಲೆಗೆ ಹಾಕಿದರಂತೆ.

ಕಲ್ಲು ಬಂತೇ ಎಂದು ಕೇಳಿದೆ.

"ಇಲ್ಲೆ," ಎಂದರು. "ಫೋಟೊ ತೆಗೂವರ್ ಬಂದಿರ್. ನಿನ್ನೆ ಒಂದ್ ವ್ಯಾನ್."