ಹಲಗಿ ಮ್ಯಾಲಿನ ಮೊದಲ ಹೆಸರು

ಬಾಗಲಕೋಟಿ ಫುಟ್‌ಬಾಲ್ ಪಂದ್ಯಕ್ಕ ಆಟಗಾರರ ಹೆಸರು ಛಲೋ ಆಡಾವ್ರಿಂದ ಹಿಡಿದು ಸಾಲಾಗಿ ಕರಿಹಲಗಿ ಮ್ಯಾಲ ಬರದಾಂವ ನಾ. ಒಂದೊಂದು ಊರಿನ ತಂಡದಾವ್ರು ಸರದಿ ಪ್ರಕಾರ ಯಾವ ಊರಾವನ್ನ ಬೇಕಾದ್ರೂ ಆರಿಸ್ಕೋಬಹುದಿತ್ತು. ಎಲ್ಲಾರಕಿಂತ ಮ್ಯಾಲ ಇದ್ದಾಂವ ನಮ್ಮ ಇಳಕಲ್ಲಿನ ಗೋಲ್‌ಕೀಪರ್ ಈರಣ್ಣ. ಅಂವಾ ಕೈ ತಪ್ಪಿದ್ರ ನಮ್ಮ ತಂಡ ಮುಗೀತು. ಆದ್ರ ಮೊದಲ ಸರದಿ ಬಾದಾಮಿ ತಂಡದ್ದು, ಆರಿಸಾವ್ರು ಅಲ್ಲಿಗೆ ವರ್ಗವಾಗಿ ಬಂದಿದ್ದ ಬಂಗಾಲಿ ಸಾಹೇಬರು.

ಆಗಷ್ಟೇ ಕನ್ನಡ ಓದಾಕ ಕಲ್ತಿದ್ದ ಅವರು ಹಲಗಿಯ ಮ್ಯಾಲಿನ ತುದಿಗೆ ಬೆರಳಿಟ್ಟು, "ನನಗೆ ಬಸವೇಶ್ವರ ಪ್ರಸನ್ನ ಬೇಕು" ಅಂದ್ರು.

ಅದು ರೂಢಿಯಂಗ ನಾ ಎಲ್ಲಾಕಿಂತ ಮೊದಲು ಬರದಿದ್ದ ದೇವರ ಹೆಸರು! ಸುಮ್ಮನಿದ್ರ ಈರಣ್ಣ ಉಳೀತಿದ್ದ. ನಾಲಿಗಿ ಕೇಳಲಿಲ್ಲ.

"ಅದು ದೇವರ ಹೆಸರ್ರೀ ಸಾಹೇಬ್ರ, ಅಂವಾ ಯಾರ ಕಡೆನೂ ಆಡೂದಿಲ್ಲ."

ಸಾಹೇಬರು ನಕ್ಕು ಬೆರಳು ಒಂದು ಸಾಲು ಕೆಳಗ ಇಳಿಸಿದ್ರು.

ಬರದಾಂವ ನಾ, ಬಸವೇಶ್ವರ ಪ್ರಸನ್ನ ಆಗಿದ್ದು ಅವರಿಗೆ.