ಪ್ರಶ್ನೆ ಬರೆದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಹೈಸ್ಕೂಲಿನಲ್ಲಿ ಭಾಷೆ ಕಲಿಸುತ್ತಿದ್ದಳು. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ, "ತಿದ್ದೋ ಪೇಪರ್ ಇನ್ನೂ ಬಾಕಿ ಇದೆ" ಅನ್ನುತ್ತಿದ್ದಳು. ಅವಳಿಗೂ ಅಜ್ಜಿಗೂ ಸೇರಿ ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಅಜ್ಜಿಯ ಹೊಲಿಗೆ ಯಂತ್ರ, ಅದರ ಪಕ್ಕದಲ್ಲೇ ಬೀದಿ ಬಾಗಿಲು. ಚಿಕ್ಕಮ್ಮ ಶಾಲೆಯಿಂದ ಬರುವ ತನಕ ಅಜ್ಜಿ ಆ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ಗಾಳಿಗೆ ಕತ್ತರಿಸಿಟ್ಟ ಬಟ್ಟೆ ಹಾರಿದರೂ ಅಷ್ಟೇ. ಮಗಳು ತನ್ನ ಮನೆ ಬಾಗಿಲು ತಾನೇ ತಟ್ಟುವಂತಾಗಬಾರದು ಅನ್ನುವುದು ಅಜ್ಜಿಯ ಹಟ.

ನಮ್ಮ ಪುಟ್ಟ ದೇಶದಲ್ಲಿ ಓದು ಮೇಲಿಂದ ಕೆಳಗೆ ಇಳಿದು ಬರುತ್ತದೆ. ಮೇಲೆ ಶಿಕ್ಷಣ ಸಚಿವಾಲಯ, ಅದರ ಕೆಳಗೆ ಪರೀಕ್ಷಾ ಮಂಡಳಿ, ಆಮೇಲೆ ಜಿಲ್ಲಾ ಕಚೇರಿ, ಕಟ್ಟಕಡೆಗೆ ಕರಿಹಲಗೆ ಮುಂದೆ ಗಂಟಲು ಹರಿದುಕೊಳ್ಳುವ ಮೇಷ್ಟ್ರು. ಎಲ್ಲರಿಗೂ ಒಂದೇ ಪುಸ್ತಕ. ಹತ್ತನೇ ತರಗತಿಯ ಪರೀಕ್ಷೆಯಂತೂ ದೇಶಕ್ಕೆಲ್ಲ ಒಂದೇ ಗಂಟೆಗೆ ಶುರು. ಪಾಸಾದವರು ಕಾಲೇಜಿಗೆ, ಉಳಿದವರು ಕಸುಬಿನ ಶಾಲೆಗೆ. ನನಗೆ ಈ ಏರ್ಪಾಡು ಕಂಡರೆ ಮೈ ಉರಿಯುತ್ತಿತ್ತು. ಚಿಕ್ಕಮ್ಮ ಬಿಟ್ಟುಕೊಡುತ್ತಿರಲಿಲ್ಲ.

"ಗುಡ್ಡದ ಮೇಲಿರೋ ಮಗೂಗೂ ಮಂತ್ರಿ ಮಗಳಿಗೂ ಒಂದೇ ಪ್ರಶ್ನೆ ಕಣೇ. ಇನ್ನೆಲ್ಲಿದೆ ಹೇಳು ಅಂಥ ನ್ಯಾಯ?"

ಆ ವರ್ಷ ಭಾಷೆಯ ಪ್ರಶ್ನೆಪತ್ರಿಕೆ ತಯಾರಿಸಲು ಮಂಡಳಿ ಅವಳನ್ನೇ ಕರೆಯಿತು. ಪ್ರಶ್ನೆ ಬರೆಯುವವರು, ಅಚ್ಚು ಹಾಕುವವರು, ಅಡುಗೆಯವರು ಎಲ್ಲರನ್ನೂ ಒಂದೇ ಕಟ್ಟಡದಲ್ಲಿ ಕೂಡಿಹಾಕುವುದು ಅಲ್ಲಿನ ಪದ್ಧತಿ. ಫೋನನ್ನು ಗೇಟಿನಲ್ಲೇ ಕೊಡಬೇಕು. ಪರೀಕ್ಷೆ ಮುಗಿಯುವ ತನಕ ಹೊರಗಿನ ಮಾತು ಒಳಗೆ ಹೋಗುವಂತಿಲ್ಲ. ಅಜ್ಜಿಗೆ ಆಗಲೇ ಸಣ್ಣ ಕೆಮ್ಮಿತ್ತು. ಚಿಕ್ಕಮ್ಮ ಹಿಂದೆಮುಂದೆ ನೋಡಿದಳು.

"ಹೋಗೇ, ದೇಶದ ಮಕ್ಕಳೆಲ್ಲ ಕಾಯ್ತಿರ್ತಾರೆ. ನಾನೆಲ್ಲಿ ಓಡಿಹೋಗ್ತೀನಿ?" ಅಂದಳು ಅಜ್ಜಿ. ಅಜ್ಜಿಯ ಜೊತೆಗಿರಲು ನಾನು ಅವರ ಮನೆಗೆ ಹೋದೆ.

ಪರೀಕ್ಷೆಗೆ ಇನ್ನೂ ಒಂದು ವಾರವಿರುವಾಗ ಕೆಮ್ಮು ಎದೆಗಿಳಿಯಿತು. ಡಾಕ್ಟರು ಮುಖ ಸಣ್ಣಗೆ ಮಾಡಿದರು. ನಾನು ಮಂಡಳಿಯ ಕಚೇರಿಗೆ ಓಡಿದೆ. ಅಲ್ಲಿನ ಅಧಿಕಾರಿ ಕೆಟ್ಟವರೇನಲ್ಲ, ಕೂರಿಸಿ ನೀರು ಕೊಟ್ಟರು.

"ಒಬ್ಬರನ್ನ ಹೊರಗೆ ಬಿಟ್ಟರೂ ಆ ಪೇಪರ್ ರದ್ದಮ್ಮ. ಇಡೀ ದೇಶದ ಪರೀಕ್ಷೆ ನಿಂತುಹೋಗುತ್ತೆ."

"ಸುದ್ದಿನಾದ್ರೂ ಮುಟ್ಟಿಸಿ."

"ಸುದ್ದಿ ಕೇಳಿದ ಮೇಲೆ ಅವರು ಒಳಗೆ ಇರ್ತಾರಾ?"

ನೀರಿನ ಲೋಟ ಮೇಜಿನ ಮೇಲಿಟ್ಟು ಎದ್ದುಬಂದೆ. ಆ ಸಿಟ್ಟು ಈಗಲೂ ಇದೆ.

ಅಜ್ಜಿ ಹಾಸಿಗೆಯನ್ನು ಮುಂದಿನ ಕೋಣೆಗೆ ಹಾಕಿಸಿಕೊಂಡಳು. ಸಂಜೆ ನಾನು ಚಿಲಕಕ್ಕೆ ಕೈ ಹಾಕುವುದೇ ತಡ, "ಬಂದ್ಲಾ?" ಅನ್ನುವಳು.

"ಇಲ್ಲ ಅಜ್ಜಿ."

"ಮತ್ಯಾಕೆ ಹಾಕ್ತೀಯ?"

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಅಜ್ಜಿ ಹೋದಳು. ಕಚೇರಿಗೆ ಹೇಳಿ ಕಳಿಸಿದೆ. ಅವರು ಆ ಕಟ್ಟಡದ ಮೇಲ್ವಿಚಾರಕರಿಗೆ ತಿಳಿಸಿದರಂತೆ, ಅಲ್ಲಿಗೆ ಸುದ್ದಿ ನಿಂತಿತು. ಮರುದಿನ ಅಜ್ಜಿಯನ್ನು ಹೊತ್ತು ಹೊರಟಾಗ ಬೀದಿಯ ತುದಿಯ ಶಾಲೆಯಲ್ಲಿ ಗಂಟೆ ಹೊಡೆಯಿತು. ಮಕ್ಕಳು ಪ್ರಶ್ನೆಪತ್ರಿಕೆ ಬಿಡಿಸುವ ಹೊತ್ತು.

ಸಂಜೆ ಅವರನ್ನು ಹೊರಗೆ ಬಿಡುವ ಹೊತ್ತಿಗೆ ಆ ಕಟ್ಟಡದ ಗೇಟಿನ ಹತ್ತಿರ ನಾನೇ ನಿಂತಿದ್ದೆ. ಚಿಕ್ಕಮ್ಮ ನನ್ನ ಮುಖ ನೋಡಿದಳು, ಚೀಲ ನನ್ನ ಕೈಗೆ ಕೊಟ್ಟು ಬಸ್ಸಿನ ಕಡೆ ನಡೆದಳು. ಬಸ್ಸಿನಲ್ಲಿ ಕೂತ ಮೇಲೆ, "ನಿನ್ನೆ ಊಟದಲ್ಲಿ ಮೇಲ್ವಿಚಾರಕರು ಸುಮ್ಮನೆ ಕೂತಿದ್ರು. ಉಪ್ಪು ಜಾಸ್ತಿಯಾಯ್ತಾ ಸಾರ್ ಅಂತ ತಮಾಷೆ ಮಾಡಿದೆ. ತಟ್ಟೆ ಬಿಟ್ಟು ಎದ್ದುಹೋದ್ರು" ಅಂದಳು.

ಮನೆಗೆ ಬಂದರೂ ಅಳಲಿಲ್ಲ. ಅದೇ ನನಗೆ ಭಯ. ತಿಂಗಳಾದ ಮೇಲೆ ಉತ್ತರಪತ್ರಿಕೆ ತಿದ್ದಲು ಕರೆ ಬಂತು. ಬೇಡ ಅಂದೆ. ಕೇಳದೆ ಹೋದಳು. ಅಲ್ಲಿ ಆದದ್ದನ್ನು ಅವಳ ಪಕ್ಕ ಕೂತು ತಿದ್ದುತ್ತಿದ್ದ ಟೀಚರು ಆಮೇಲೆ ನನಗೆ ಹೇಳಿದರು.

ಪ್ರತಿ ವರ್ಷದ ಹಾಗೆ ಪತ್ರಿಕೆಯಲ್ಲಿ ಪುಸ್ತಕದಲ್ಲಿಲ್ಲದ ಒಂದು ಗದ್ಯಭಾಗ, ಅದರ ಕೆಳಗೆ ಪ್ರಶ್ನೆಗಳು. ಗದ್ಯವನ್ನು ಚಿಕ್ಕಮ್ಮನೇ ಬರೆದಿದ್ದಳು. ಬಟ್ಟೆ ಹೊಲಿಯುವ ತಾಯಿ ಮತ್ತು ಶಾಲೆಗೆ ಹೋಗುವ ಮಗಳ ಸಣ್ಣ ಕಥೆ. ಕೊನೆಯ ಪ್ರಶ್ನೆ: ತಾಯಿ ಬಾಗಿಲಿಗೆ ಚಿಲಕ ಏಕೆ ಹಾಕುತ್ತಿರಲಿಲ್ಲ?

'ಮಗಳು ಇನ್ನೂ ಮನೆಗೆ ಬಂದಿರಲಿಲ್ಲ' ಅಂತ ಮೊದಲ ಮಗು ಬರೆದಿತ್ತು. ಚಿಕ್ಕಮ್ಮ ಸರಿ ಗುರುತು ಹಾಕಿ ಮುಂದಿನದನ್ನು ಎತ್ತಿಕೊಂಡಳು. ಅದರಲ್ಲೂ ಅದೇ. ಗುಡ್ಡದ ಮಗು ಯಾವುದೋ, ಮಂತ್ರಿ ಮಗಳು ಯಾರೋ, ಕೈಬರಹ ಬೇರೆಬೇರೆ, ಉತ್ತರ ಒಂದೇ. ಕಟ್ಟು ಅರ್ಧವಾಗುವಾಗ ಕೆಂಪು ಪೆನ್ನು ಕೆಳಗಿಟ್ಟು, ಅಷ್ಟು ಜನರ ನಡುವೆ, ಬಾಯಿಬಿಟ್ಟು ಅತ್ತಳಂತೆ.

ಆಮೇಲೆ ಕಣ್ಣೊರೆಸಿಕೊಂಡು ಉಳಿದದ್ದನ್ನೂ ತಿದ್ದಿದಳು. ಆ ಪ್ರಶ್ನೆಗೆ ತಪ್ಪು ಬರೆದವರು ಒಬ್ಬರೂ ಇರಲಿಲ್ಲ.