ತವಂದಿ ಘಾಟಿನಲ್ಲಿ ಮೈನಸ್ ಗುರುತು

ತವಂದಿ ಘಾಟಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ. ಪೆಡಲ್ ಮೆತ್ತಗೆ ಕೆಳಗಿಳಿಯಿತು, ಪಿಕಪ್ ಮಾತ್ರ ನಿಧಾನವಾಗಲಿಲ್ಲ.

ಹಿಂದೆ ಹೊಸ ಮನೆಯ ಟೈಲ್ಸ್, ಪಕ್ಕದಲ್ಲಿ ಮಾವ. ಸಂಕೇಶ್ವರದಿಂದ ಭೋಜಕ್ಕೆ ಹೊರಟಿದ್ದೆವು. ಘಾಟು ಶುರುವಾದಾಗಿನಿಂದ ನಾನು ಬ್ರೇಕಿನ ಮೇಲಿಂದ ಕಾಲನ್ನೇ ತೆಗೆದಿರಲಿಲ್ಲ. ಈಗ ಕ್ಯಾಬಿನ್ ತುಂಬ ಸುಟ್ಟ ವಾಸನೆ. ಮುಂದೆ ಜನ ತುಂಬಿದ ಟೆಂಪೊ ಒಂದು ಹತ್ತಿರವಾಗುತ್ತಲೇ ಇತ್ತು.

“ಗೇರ್ ಇಳಸವ್ವಾ!” ಎಂದರು ಮಾವ. ಮೂವತ್ತು ವರ್ಷ ಲಾರಿ ಓಡಿಸಿದವರು ಅವರು.

“ಇದು ಆಟೊಮ್ಯಾಟಿಕ್ ಐತ್ರಿ ಮಾವಾರ, ಗೇರ್ ಇಲ್ರಿ!” ನನಗೆ ಅಳುವೇ ಬಂದಿತ್ತು.

ಅವರು ಬಗ್ಗಿ ಗೇರ್ ಲಿವರಿನ ಬುಡ ನೋಡಿದರು. “ಇಲ್ಲಿ ಮೈನಸ್ ಗುರುತು ಐತಿ. ಹಂಗ ಬಾಜೂಕ ಸರಿಸಿ ಅದರ ಕಡೆ ಎಳಿ.”

ಎಳೆದೆ. ಎಂಜಿನ್ ಮೊರೆಯಿತು, ಗಾಡಿಯನ್ನು ಯಾರೋ ಹಿಂದಿನಿಂದ ಹಿಡಿದಂತಾಯಿತು. “ಇನ್ನೊಮ್ಮೆ,” ಎಂದರು. ಮತ್ತೆ ಎಳೆದೆ. ಟೆಂಪೊ ನಿಧಾನವಾಗಿ ದೂರ ಸರಿಯಿತು. ಘಾಟು ಮುಗಿದು ರಸ್ತೆ ಸಮವಾದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದೆ.

ಅಷ್ಟು ಹೊತ್ತೂ ಮಾವನ ದನಿ ಒಂದಿಷ್ಟೂ ನಡುಗಿರಲಿಲ್ಲ. ಕೆಳಗಿಳಿದಾಗ ಮಾತ್ರ ಅವರು ಕುಂಟಿದರು. ನೋಡಿದರೆ ಬಲಗಾಲಿನ ಚಪ್ಪಲಿಯ ಉಂಗುಟ ಕಿತ್ತುಹೋಗಿತ್ತು. ತಮ್ಮ ಕಾಲಡಿ ಇಲ್ಲದ ಬ್ರೇಕನ್ನು ಅವರೂ ಘಾಟಿನುದ್ದಕ್ಕೂ ಒತ್ತುತ್ತಲೇ ಬಂದಿದ್ದರು.

ಈಗ ಇಳಿಜಾರು ಬರುವ ಮೊದಲೇ ಗೇರ್ ಇಳಿಸುತ್ತೇನೆ. ಎಂಜಿನ್ನಿನ ಸದ್ದಿಗೆ ಪಕ್ಕದಲ್ಲಿದ್ದವರು ಗಾಬರಿಯಾಗುತ್ತಾರೆ. ನನಗೆ ಭಯವಾಗುವುದು ಆ ಸದ್ದು ಕೇಳದಿದ್ದಾಗ.